ಒಂದೇ ಉಸಿರಿಗೆ ಇಪ್ಪತ್ತೈದು

ಹಾಡಿನ ಮೇಷ್ಟ್ರು ಕೈ ಮೇಲೆತ್ತಿ, "ಎಲ್ಲರೂ ಬಾಯ್ತುಂಬ ಒಂದು ಸಲ 'ಆ' ಅನ್ನಿ ನೋಡೋಣ" ಅಂದದ್ದೇ ತಡ, ಹದಿನಾಲ್ಕು ಬಾಯಿಗಳು ಒಟ್ಟಿಗೇ ತೆರೆದುಕೊಂಡವು. ತೆರೆದದ್ದಾದರೂ ಹೇಗೆ! ಹಲ್ಲಿನ ಡಾಕ್ಟರ ಮುಂದೆಯೂ ಯಾರೂ ಅಷ್ಟು ಶಿಸ್ತಾಗಿ ಬಾಯಿ ತೆರೆದಿರಲಿಕ್ಕಿಲ್ಲ. ಆದರೆ ಸದ್ದಿಲ್ಲ. ಆರೋಗ್ಯ ಕೇಂದ್ರದ ಮಹಡಿಯ ಆ ಕೋಣೆಯಲ್ಲಿ ಫ್ಯಾನ್ ತಿರುಗುವುದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಮೇಷ್ಟ್ರು ಕಿವಿಗೆ ಕಿರುಬೆರಳು ಹಾಕಿ ಕುಲುಕಿಕೊಂಡರು. ತನ್ನ ಕಿವಿಯೇ ಕೆಟ್ಟಿತೋ ಏನೋ ಎಂಬ ಗಾಬರಿ, ಪಾಪ.

ಅವರದೇನೂ ತಪ್ಪಿಲ್ಲ. ಅದು ಊರಿನ ಬಟ್ಟೆ ಮಿಲ್ಲಿನ ನೇಯ್ಗೆ ಶೆಡ್ಡಿನಲ್ಲಿ ಮೂವತ್ತು ಮೂವತ್ತೈದು ವರ್ಷ ದುಡಿದವರ ಗುಂಪು. ಹನ್ನೊಂದು ಹೆಂಗಸರು, ಮೂವರು ಗಂಡಸರು. ಶೆಡ್ಡಿನಲ್ಲಿ ನಾನೂರು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವಳ ಕಿವಿಗೆ ಬಾಯಿಟ್ಟು ಕಿರುಚಿದರೂ ಪ್ರಯೋಜನವಿರಲಿಲ್ಲ. ಹಾಗಾಗಿ ಅಲ್ಲಿ ಯಾರೂ ಕಿರುಚುತ್ತಿರಲಿಲ್ಲ; ಗಂಟಲಿಗೆ ರಜೆ ಕೊಟ್ಟು ತುಟಿಯಲ್ಲೇ ಮಾತಾಡುತ್ತಿದ್ದರು. ಅತ್ತೆಯ ದೂರು, ಮಗುವಿನ ಜ್ವರ, ಮನೆ ಬಾಡಿಗೆ, ಎಲ್ಲವೂ ಹತ್ತು ಮಗ್ಗದಾಚೆ ನಿಂತ ಗೆಳತಿಗೆ ತುಟಿಯಲ್ಲೇ ತಲುಪುತ್ತಿತ್ತು. ಮಿಲ್ಲು ನೋಡಲು ಬಂದ ಧಣಿಯನ್ನು ಅವನ ಮುಖದೆದುರೇ ನಗುನಗುತ್ತಾ ಬೈಯುವ ಸುಖ ಬೇರೆ ಯಾವ ಕೆಲಸದಲ್ಲಿದೆ ಹೇಳಿ! ಮಿಲ್ಲು ಮುಚ್ಚಿ ಹನ್ನೆರಡು ವರ್ಷವಾದರೂ ಅಭ್ಯಾಸ ಹೋಗಿರಲಿಲ್ಲ. ಹತ್ತಿಯ ದೂಳು ಎದೆಯಲ್ಲಿ ಉಳಿದುಕೊಂಡಿತ್ತು, ಮಗ್ಗದ ಬಡಿತ ಕಿವಿಯನ್ನು ಅರ್ಧ ತಿಂದಿತ್ತು, ತುಟಿ ಮಾತ್ರ ಚುರುಕಾಗಿತ್ತು.

ಬಾಗಿಲಲ್ಲಿ ನಿಂತಿದ್ದ ನರ್ಸಮ್ಮ ನಗು ತಡೆಯಲಾರದೆ ಇದನ್ನೆಲ್ಲ ವಿವರಿಸಿದ ಮೇಲೆ ಮೇಷ್ಟ್ರು ಹಣೆ ಚಚ್ಚಿಕೊಂಡರು. "ಅಯ್ಯೋ, ಗಂಟಲೂ ಬೇಕಮ್ಮ! ಹೊಟ್ಟೆಯಿಂದ ಉಸಿರು ತೆಗೆದು ಗಂಟಲಿಂದ ಅನ್ನಿ!"

ಎರಡನೆಯ ಸಲ ಸದ್ದು ಬಂತು. ಬಹಳ ದಿನ ಬಿಡದ ನಲ್ಲಿಯನ್ನು ತಿರುಗಿಸಿದ ಹಾಗೆ ಮೊದಲು ಬರೀ ಗಾಳಿ, ಆಮೇಲೆ ಒಂದಿಷ್ಟು ಕೆಮ್ಮು, ಕೊನೆಗೆ ಸ್ವರ. ಹಿಂದಿನ ಸಾಲಿನ ಮೂಲೆಯಲ್ಲಿದ್ದ ಗಂಟಕ್ಕನೂ ಹೊಟ್ಟೆಯಿಂದ ಉಸಿರೆಳೆದು 'ಆ' ಅಂದಳು. ಅಂದವಳೇ ಗಪ್ಪನೆ ಬಾಯಿ ಮುಚ್ಚಿ, ತೊಡೆ ಬಿಗಿಹಿಡಿದು, ಕಲ್ಲಿನ ಹಾಗೆ ನಿಂತುಬಿಟ್ಟಳು. ಒಳಬಟ್ಟೆ ಒದ್ದೆಯಾಗಿತ್ತು.

ಗಂಟಕ್ಕ ಅಂದರೆ ಅವಳ ಹೆಸರಲ್ಲ. ಹರಿದ ಎಳೆಗೆ ಅವಳಷ್ಟು ಬೇಗ, ಅವಳಷ್ಟು ಸಣ್ಣ ಗಂಟು ಹಾಕುವವರು ಶೆಡ್ಡಿನಲ್ಲೇ ಇರಲಿಲ್ಲ. ಅದರಿಂದ ಅಂಟಿದ ಹೆಸರು. ವಯಸ್ಸು ಅರವತ್ತಮೂರು. ಗಂಡ ತೀರಿಕೊಂಡ ಮೇಲೆ ಮಗಳ ಮನೆಯಲ್ಲಿದ್ದಳು. ಮಗಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ಮಾತಿಗೆ ಮುದ್ರೆ ಒತ್ತಿದ ಹಾಗೆ ಖಡಕ್ಕು. ಅವಳಿಗೆ ಎರಡು ಮಕ್ಕಳು, ದೂರದೂರಿನ ಪಾಳಿ ಕೆಲಸದ ಗಂಡ.

ಗಂಟಕ್ಕನ ಗರ್ಭಕೋಶ ಕೆಳಕ್ಕೆ ಜಾರಿತ್ತು. ಮೂರು ವರ್ಷದಿಂದ ಜಾರಿತ್ತು, ಮೂರು ವರ್ಷದಿಂದ ಅವಳು ಯಾರಿಗೂ ಹೇಳಿರಲಿಲ್ಲ. ಕೆಮ್ಮಿದರೆ ಒದ್ದೆ, ಸೀನಿದರೆ ಒದ್ದೆ, ಮೊಮ್ಮಗುವನ್ನು ಎತ್ತಿಕೊಂಡರೆ ಒದ್ದೆ. ಬೆಳಗಾಗುವ ಮೊದಲೇ ಎದ್ದು ತನ್ನ ಬಟ್ಟೆ ತಾನೇ ಒಗೆದು ಬಚ್ಚಲಿನ ಹಿಂದೆ ಒಣಗಿಸುವಳು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಹೋಗುವಳು. ಒಂದು ದಿನ ಮಗಳು ನಸುಕಿಗೇ ಎದ್ದು ಬಚ್ಚಲಿಗೆ ಬಂದಳು, ನೋಡಿದಳು, ಕೇಳಿದಳು. ಗಂಟಕ್ಕ ಗೋಡೆ ನೋಡುತ್ತಾ ಉತ್ತರಿಸಿದಳು.

"ಮೂರು ವರ್ಷನಾ? ಅಮ್ಮ, ನಿಂಗೇನು ತಲೆ ಕೆಟ್ಟಿದೆಯಾ? ಇದರಲ್ಲಿ ನಾಚಿಕೆ ಪಡೋದು ಏನಿದೆ?" ಎಂದು ಮಗಳು ಅವತ್ತು ಕೂಗಾಡಿದ್ದೇ ಕೂಗಾಡಿದ್ದು.

ದೊಡ್ಡಾಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ ಆಪರೇಶನ್ ಆಗಲೇಬೇಕು ಅಂದರು. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗಷ್ಟೇ ಮರಗಟ್ಟಿಸೋಣವೆಂದರೆ ಮಗ್ಗದ ಮೇಲೆ ಬಗ್ಗಿ ಬಗ್ಗಿ ಬೆನ್ನುಮೂಳೆ ಸೊಟ್ಟಗಾಗಿದೆ. ಪೂರ್ತಿ ಪ್ರಜ್ಞೆ ತಪ್ಪಿಸುವ ಮತ್ತು ಕೊಡಬೇಕು. ಆಗ ಬಂದವರು ಮತ್ತು ಕೊಡುವ ಡಾಕ್ಟರಮ್ಮ. ಎದೆಗೆ ಕೊಳವೆಯಿಟ್ಟು ಆಲಿಸಿ, "ಒಂದೇ ಉಸಿರಲ್ಲಿ ಎಷ್ಟಾಗುತ್ತೋ ಅಷ್ಟು ಗಟ್ಟಿಯಾಗಿ ಎಣಿಸಿ" ಎಂದರು. ಗಂಟಕ್ಕ ಹನ್ನೊಂದಕ್ಕೆ ನಿಂತಳು. ಹನ್ನೊಂದೂ ಪೂರ್ತಿ ಬರಲಿಲ್ಲ, ಅರ್ಧಕ್ಕೇ ಕೆಮ್ಮು ಹತ್ತಿತು.

"ಈ ಎದೆ ಇಟ್ಕೊಂಡು ಮತ್ತು ಕೊಟ್ರೆ ಎಚ್ಚರ ಆಗೋದು ಕಷ್ಟ ಅಮ್ಮ. ಎಚ್ಚರ ಆದ್ರೂ ಆಮೇಲೆ ಹೀಗೆ ಕೆಮ್ಮಿದ್ರೆ ಹೊಲಿಗೆ ಬಿಚ್ಚಿಕೊಳ್ಳುತ್ತೆ. ಮೂರು ತಿಂಗಳು ಬಿಟ್ಟು ಬನ್ನಿ. ಇಪ್ಪತ್ತೈದು ಎಣಿಸಿ ತೋರಿಸಿ. ಅವತ್ತೇ ತಾರೀಖು ಕೊಡ್ತೀನಿ."

ಹಾಗೆಂದು ಚೀಟಿ ಬರೆದರು. ಎದೆಗೆ ಸೇದುವ ಔಷಧಿಯ ಕೆಳಗೆ, ಮಾತ್ರೆ ಬರೆಯುವ ಜಾಗದಲ್ಲಿ ಬರೆದಿತ್ತು: ಹಾಡು, ವಾರಕ್ಕೆ ಎರಡು ಸಲ. ಗಂಟಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಎದೆ ಹಿಡಿದವಳಿಗೆ ಹಾಡು ಅನ್ನುವುದೆಂದರೆ ಕುಂಟನಿಗೆ ಕುಣಿ ಅಂದ ಹಾಗಾಯಿತು. ಆದರೆ ನಗರಸಭೆಯೂ ಆರೋಗ್ಯ ಕೇಂದ್ರವೂ ಸೇರಿ ಹಳೆಯ ಮಿಲ್ಲು ಕೆಲಸಗಾರರಿಗೆಂದೇ ಇಂಥದ್ದೊಂದು ಗುಂಪು ಶುರು ಮಾಡಿದ್ದವು. ದೂಳು ಕುಡಿದ ಎದೆಗೆ ಹಾಡಿನಿಂದ ಉಸಿರಿನ ಹಿಡಿತ ಬರುತ್ತದಂತೆ. ಮಗಳು ಕೈ ಹಿಡಿದು ತಂದು ಬಿಟ್ಟಳು.

ಈಗ ನೋಡಿ ಗಂಟಕ್ಕನ ಫಜೀತಿ. ಉಸಿರು ಬರಬೇಕಾದರೆ ಹೊಟ್ಟೆಯಿಂದ ಹಾಡಬೇಕು. ಹೊಟ್ಟೆಯಿಂದ ಹಾಡಿದರೆ ಒದ್ದೆ. ಒದ್ದೆ ನಿಲ್ಲಬೇಕಾದರೆ ಆಪರೇಶನ್ ಆಗಬೇಕು. ಆಪರೇಶನ್ ಆಗಬೇಕಾದರೆ ಉಸಿರು ಬರಬೇಕು. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು.

ಮಹಡಿಯ ಕೋಣೆಯಿಂದ ಶೌಚಾಲಯಕ್ಕೆ ಇಪ್ಪತ್ತೆರಡು ಮೆಟ್ಟಿಲು ಇಳಿಯಬೇಕು. ಎದುರಿಗೆ ನಿಂತು ಹಾಡಿಸುವವರು ಗಂಡಸು. ಹೇಳುವುದು ಹೇಗೆ, ಯಾರಿಗೆ? ಗಂಟಕ್ಕ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. ಎರಡನೆಯ ವಾರದಿಂದ ಬರೀ ತುಟಿ ಆಡಿಸತೊಡಗಿದಳು.

ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಉಳಿದವರೆಲ್ಲ ಗಂಟಲು ಹುಡುಕುವ ಗಡಿಬಿಡಿಯಲ್ಲಿ ಬಾಯಿ ಸೊಟ್ಟಗೆ ಮಾಡಿದರೆ, ಗಂಟಕ್ಕನ ಬಾಯಿ ಒಂದೊಂದು ಅಕ್ಷರವನ್ನೂ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ತಿದ್ದಿ ತಿದ್ದಿ ಆಡುತ್ತಿತ್ತು. ಮೇಷ್ಟ್ರು ಅದನ್ನು ಗಮನಿಸಿಬಿಟ್ಟರು. "ನೋಡಿ, ನೋಡಿ, ಈ ಅಕ್ಕನ ಬಾಯಿ ನೋಡಿ! ಹಾಡೋದು ಅಂದ್ರೆ ಹೀಗೆ! ಅಕ್ಕ, ನೀವು ಮುಂದಿನ ಸಾಲಿಗೆ ಬನ್ನಿ." ಮೂರನೆಯ ವಾರಕ್ಕೆ ಗಂಟಕ್ಕ ಮುಂದಿನ ಸಾಲಿನ ನಟ್ಟನಡುವೆ ನಿಂತಿದ್ದಳು. ಉಳಿದ ಹದಿಮೂರು ಜನ ಅವಳನ್ನು ನೋಡಿ ಕಲಿಯಬೇಕಂತೆ. ಅವಳಿಗೆ ಇಂಗು ತಿಂದ ಮಂಗನ ಹಾಗಾಗಿತ್ತು.

ಅವಳ ಪಕ್ಕದಲ್ಲೇ ನಿಲ್ಲುತ್ತಿದ್ದವಳು ಸೈರನ್. ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಅಕ್ಕಪಕ್ಕದ ಮಗ್ಗದಲ್ಲಿದ್ದವಳು. ಶೆಡ್ಡಿನಿಂದ ಹೊರಬಿದ್ದರೆ ಮಿಲ್ಲಿನ ಸೈರನ್ನಿಗಿಂತ ಇವಳ ದನಿಯೇ ಜೋರು ಎಂದು ಆ ಹೆಸರು. ಹಾಡಿನಲ್ಲಿ ಸಿಕ್ಕ ಸ್ವರ ಹಿಡಿದು ಎಳೆಯುತ್ತಿದ್ದಳು. ಗಂಟಕ್ಕನ ಕಡೆಗಿದ್ದ ಅವಳ ಎಡಗಿವಿ ಪೂರ್ತಿ ಹೋಗಿದ್ದರಿಂದ ಕಳ್ಳತನ ಅವಳಿಗೆ ಗೊತ್ತಾಗಲಿಲ್ಲ.

ಮನೆಯಲ್ಲಿ ಮಗಳು ಬಟ್ಟೆ ಮಡಚುತ್ತಾ ಕೇಳುವಳು, "ಎಲ್ಲಿವರೆಗೆ ಬಂತಮ್ಮ ಎಣಿಕೆ?"

"ಹದಿನೈದು."

ಮುಂದಿನ ವಾರ "ಹದಿನೆಂಟು." ಮಗಳ ಮುಖ ಅರಳುವುದನ್ನು ನೋಡಲಾಗದೆ ಗಂಟಕ್ಕ ಬೇರೆ ಕಡೆ ತಿರುಗಿಕೊಳ್ಳುತ್ತಿದ್ದಳು. ಎಲ್ಲರೂ ಮಲಗಿದ್ದಾರೆಂದು ಖಾತ್ರಿ ಮಾಡಿಕೊಂಡು ಒಂದು ಭಾನುವಾರ ಮಧ್ಯಾಹ್ನ ಹಿಂಬಾಗಿಲಲ್ಲಿ ಎಣಿಸಿ ನೋಡಿದಳು. ಹನ್ನೆರಡು. ಆರು ವಾರ ಕಳೆದಿತ್ತು, ಇನ್ನು ಆರು ವಾರ ಉಳಿದಿತ್ತು. ಹೀಗೇ ಹೋದರೆ ಡಾಕ್ಟರಮ್ಮ ತಲೆಯಾಡಿಸಿ ವಾಪಸು ಕಳಿಸುವುದು ಖಂಡಿತ. ಉಳಿದ ಬದುಕೆಲ್ಲ ನಸುಕಿನಲ್ಲೆದ್ದು ಬಟ್ಟೆ ಒಗೆಯುವುದೇ ಆಯಿತು ಅಂದುಕೊಂಡು ಅವಳು ಮೆಟ್ಟಿಲ ಮೇಲೆ ಕೂತು ಅತ್ತಳು. ಅದೂ ಸದ್ದಿಲ್ಲದೆ.

ಏಳನೆಯ ವಾರ ಮೇಷ್ಟ್ರು ಹೊಸ ಯೋಚನೆ ಹೊತ್ತು ಬಂದರು. ಸಾಲು ಬೇಡ, ದುಂಡಗೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಾಡೋಣ ಎಂದರು. ಅಷ್ಟು ಹೊತ್ತಿಗೆ ಗುಂಪಿಗೆ ತನ್ನದೇ ಒಂದು ಹಾಡಿತ್ತು. ಮಿಲ್ಲಿನ ಮಾತುಗಳನ್ನೇ ಒಬ್ಬೊಬ್ಬರಿಂದ ಕೇಳಿ ಕೇಳಿ ಮೇಷ್ಟ್ರು ರಾಗಕ್ಕೆ ಕೂಡಿಸಿದ್ದರು.

"ಎಳೆ ಹರಿದೀತು ಅಂಜಬೇಡ, ಲಾಳಿ ನಿಂತೀತು ಅಳಬೇಡ" ಎಂದು ಗುಂಪು ಎತ್ತಿಕೊಂಡಿತು. ಗಂಟಕ್ಕನ ನೇರ ಎದುರಿಗೆ ಈಗ ಸೈರನ್ ನಿಂತಿದ್ದಳು. ಎರಡು ಸಾಲು ಹಾಡುವುದರೊಳಗೆ ಅವಳ ಕಣ್ಣು ಸಣ್ಣಗಾಯಿತು. ಹಾಡುವವಳ ಕೊರಳಿನ ನರ ಉಬ್ಬಬೇಕು, ಎದೆ ಏರಬೇಕು. ಗಂಟಕ್ಕನದು ಎರಡೂ ಇಲ್ಲ. ಶೆಡ್ಡಿನಲ್ಲಿ ಪಳಗಿದ ಕಣ್ಣಿಗೆ ಇದನ್ನು ಮುಚ್ಚಿಡುವುದುಂಟೇ!

ಸೈರನ್ ಹಾಡು ಬಿಟ್ಟು, ಅಲ್ಲಿಂದಲೇ ತುಟಿಯಲ್ಲಿ ಕೇಳಿದಳು: "ಏ ಕಳ್ಳಿ. ಹಾಡ್ತಾನೇ ಇಲ್ಲ ನೀನು."

ಗಂಟಕ್ಕ ತುಟಿಯಲ್ಲೇ, "ಸುಮ್ನಿರೇ" ಎಂದಳು.

"ಯಾಕೆ ಅಂತ ಹೇಳು. ಇಲ್ದಿದ್ರೆ ಮೇಷ್ಟ್ರಿಗೆ ಹೇಳ್ತೀನಿ."

ಗಂಟಕ್ಕ ಹೇಳಿಬಿಟ್ಟಳು. ಮೂರು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದು, ಮಗಳಿಗೂ ಗೋಡೆ ನೋಡಿಕೊಂಡೇ ಹೇಳಿದ್ದು. ಗಂಟಲ ಹಂಗಿಲ್ಲದ ಹಳೆಯ ಭಾಷೆಯಲ್ಲಿ ಸಲೀಸಾಗಿ ಜಾರಿ ಬಂತು. "ಗಟ್ಟಿಯಾಗಿ ಹಾಡಿದ್ರೆ ಒದ್ದೆ ಆಗುತ್ತೆ ಕಣೇ ನಂಗೆ. ಕೆಳಗೆ. ಮೂರು ವರ್ಷದಿಂದ."

ಮಿಲ್ಲು ಮುಚ್ಚಿದ ಮೇಲಿನ ಹನ್ನೆರಡು ವರ್ಷ, ಬಸ್ ನಿಲ್ದಾಣದಲ್ಲಿ, ಅಂಗಡಿಯ ಸಾಲಿನಲ್ಲಿ, ಅವರಿಬ್ಬರೂ ಹೀಗೆ ತುಟಿಯಲ್ಲಿ ಏನು ಬೇಕಾದರೂ ಆಡಿಕೊಂಡಿದ್ದರು. ಸುತ್ತಲಿನವರಿಗೆ ಒಂದು ಅಕ್ಷರ ತಿಳಿಯುತ್ತಿರಲಿಲ್ಲ. ಆ ರೂಢಿಯಲ್ಲಿ ಗಂಟಕ್ಕ ಒಂದು ವಿಷಯ ಮರೆತಿದ್ದಳು. ಈ ಕೋಣೆಯಲ್ಲಿ ದುಂಡಗೆ ನಿಂತು ಮುಖ ಮುಖ ನೋಡುತ್ತಿದ್ದವರೆಲ್ಲ ಶೆಡ್ಡಿನವರೇ.

ಹಾಡು ಒಂದೊಂದೇ ಬಾಯಿಯಲ್ಲಿ ನಿಂತಿತು. ಕೊನೆಗೆ ಮೇಷ್ಟ್ರೊಬ್ಬರೇ "ಲಾಳಿ ನಿಂತೀತು" ಎಂದು ಎಳೆಯುತ್ತಾ ಉಳಿದರು. ಗಂಟಕ್ಕ ಸುತ್ತ ನೋಡಿದಳು. ಸೈರನ್ನಳದಲ್ಲದೆ ಇನ್ನೂ ಹನ್ನೆರಡು ಜೊತೆ ಕಣ್ಣುಗಳು ಅವಳ ತುಟಿಯ ಮೇಲಿದ್ದವು. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದಳು, ಆದರೆ ಕೆಳಗಿದ್ದದ್ದು ಔಷಧಿ ಅಂಗಡಿ.

ಮೊದಲು ತುಟಿ ಆಡಿಸಿದವಳು ಶೆಡ್ಡಿನಲ್ಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಕುಳ್ಳಿ. "ನಂಗೂ ಅಷ್ಟೇ ಅಕ್ಕ. ಸೀನಿದ್ರೆ."

"ನಂಗೆ ನಕ್ರೆ," ಎಂದಳು ಇನ್ನೊಬ್ಬಳು. "ನಮ್ಮನೇಲಿ ಯಾರಾದ್ರೂ ಜೋಕ್ ಹೇಳಿದ್ರೆ ನಾನು ಅಡುಗೆಮನೆಗೆ ಓಡಿಹೋಗ್ತೀನಿ. ಸಿಡುಕಿ ಅಂತ ಹೆಸರು ಬಂದಿದೆ."

ಸೈರನ್ ಸೊಂಟದ ಮೇಲೆ ಕೈಯಿಟ್ಟಳು. "ನಾನು ಯಾವಾಗ್ಲೂ ಕಪ್ಪು ಬಟ್ಟೇನೇ ಹಾಕೋದು ಯಾಕೆ ಅಂದ್ಕೊಂಡಿದ್ರಿ? ಬೆಳ್ಳಗೆ ಕಾಣ್ಲಿ ಅಂತಲಾ?"

ತುಟಿಗಳು ಒಂದರ ಮೇಲೊಂದು ಆಡತೊಡಗಿದವು. ದುಂಡಗೆ ನಿಂತ ಹೆಂಗಸರ ಕೈ, ಹುಬ್ಬು, ತುಟಿ ಎಲ್ಲ ಮಾತಾಡುತ್ತಿವೆ, ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ನಡುವೆ ನಿಂತ ಮೇಷ್ಟ್ರು ಆ ಕಡೆ ಈ ಕಡೆ ತಿರುಗುತ್ತಾ, "ಏನಾಯ್ತು? ಶ್ರುತಿ ಜಾಸ್ತಿ ಆಯ್ತಾ?" ಎಂದು ಕೇಳುತ್ತಿದ್ದರು.

ಆಗ ಮೂವರು ಗಂಡಸರಲ್ಲೊಬ್ಬನಾದ ಮೇಸ್ತ್ರಿ ಕೆಮ್ಮಿದ. ಶೆಡ್ಡಿನಲ್ಲಿ ಅವರೆಲ್ಲರ ಮೇಲೆ ಯಜಮಾನಿಕೆ ಮಾಡಿದವನು, ಎಪ್ಪತ್ತು ದಾಟಿದ ಮುದುಕ. ಅವನ ಮೇಜಿನ ಪಕ್ಕದ ಮೊಳೆಗೆ ಒಂದು ತಗಡಿನ ಬಿಲ್ಲೆ ನೇತಾಡುತ್ತಿತ್ತು. ಬಿಲ್ಲೆ ಕೈಯಲ್ಲಿದ್ದವಳು ಮಾತ್ರ ಮಗ್ಗ ಬಿಟ್ಟು ಶೌಚಾಲಯಕ್ಕೆ ಹೋಗಬಹುದು. ನಲವತ್ತು ಹೆಂಗಸರಿಗೆ ಒಂದೇ ಬಿಲ್ಲೆ. ನೀರು ಕುಡಿಯದೆ, ಹೊಟ್ಟೆ ಬಿಗಿಹಿಡಿದು, ಬಸುರಿಯರೂ ಬಾಣಂತಿಯರೂ ಎಂಟೆಂಟು ಗಂಟೆ ನಿಂತದ್ದು ಆ ಬಿಲ್ಲೆಯ ದಯೆಯಿಂದ. ಅವನು ಛಾವಣಿ ನೋಡಿದ, ನೆಲ ನೋಡಿದ, ಆಮೇಲೆ ತುಟಿ ಆಡಿಸಿದ.

"ನಂದೂ ಈಗ ಅದೇ ಕಥೆ. ಬಚ್ಚಲು ಮುಟ್ಟೋಷ್ಟರಲ್ಲಿ ಹೋಗಿರುತ್ತೆ." ಸ್ವಲ್ಪ ತಡೆದು ಮತ್ತೆ ಹೇಳಿದ. "ಇನ್ನೊಂದು ಬಿಲ್ಲೆ ಇಡಬಹುದಿತ್ತು ನಾನು. ಕೇಳಿದ್ರೆ ಆಫೀಸಿನವರು ಬೇಡ ಅಂತಿರಲಿಲ್ಲ. ಕೇಳ್ಲಿಲ್ಲ. ತಪ್ಪಾಯ್ತು."

ಅವನಿಗೆ ಹೆಂಗಸರು ಹೇಳುವುದಕ್ಕೆ ತುಂಬ ಇತ್ತು, ಮೂವತ್ತು ವರ್ಷದ್ದಿತ್ತು. ಕೊನೆಗೆ ಸೈರನ್ ಗಂಟಲು ಬಳಸಿದಳು, ಕಿಟಕಿಯ ಗಾಜು ಅದುರುವ ಹಾಗೆ. "ಮೇಷ್ಟ್ರೇ, ನೀವು ಹೋಗಿ ಒಂದು ಟೀ ಕುಡ್ಕೊಂಡು ಬನ್ನಿ. ನರ್ಸಮ್ಮಾ! ಮೇಲೆ ಬನ್ನೀ! ನಮಗೆಲ್ಲ ಒಂದೇ ಕಾಯಿಲೆ ಬಂದಿದೆ!"

ಗಂಟಕ್ಕನಿಗೆ ನಗು ಬಂತು. ನಕ್ಕಳು. ನಕ್ಕರೆ ಏನಾಗುತ್ತದೋ ಅದೂ ಆಯಿತು, ಆದರೆ ಆ ಕೋಣೆಯಲ್ಲಿ ಅವಳೊಬ್ಬಳಿಗೇ ಅಲ್ಲ ಎಂಬುದು ಕುಳ್ಳಿಯ ಮುಖ ನೋಡಿದರೆ ತಿಳಿಯುತ್ತಿತ್ತು. ಎದೆಯ ಮೇಲಿನ ಚಪ್ಪಡಿ ಯಾರೋ ಎತ್ತಿ ಪಕ್ಕಕ್ಕಿಟ್ಟಂತೆ ಅವಳಿಗೆ ಹಗುರವಾಯಿತು.

ನರ್ಸಮ್ಮ ಬಂದು ಎಲ್ಲ ಕೇಳಿ ಲೆಕ್ಕ ಹಾಕಿದರು. ಹದಿನಾಲ್ಕರಲ್ಲಿ ಒಂಬತ್ತು ಜನ. "ಅಲ್ಲ, ಇಷ್ಟು ದಿನ ಒಬ್ಬರಾದ್ರೂ ಬಾಯಿಬಿಡಬಾರದಾ? ಹಾಡೋಕೆ ಬಂದವರು ನೀವು!" ಎಂದು ಗದರಿದರು. ಆಮೇಲೆ ಪ್ಯಾಡು ತಂದುಕೊಟ್ಟರು, ಪಾಠವನ್ನೂ ಹೇಳಿದರು. ಉಸಿರು ಬಿಡುವ ಮೊದಲು, ಮೂತ್ರ ಬಂದಾಗ ತಡೆದು ಹಿಡಿಯುವ ಹಾಗೆ ಕೆಳಗಿನದನ್ನೆಲ್ಲ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಬೇಕು; ಹಾಡು ಮುಗಿಯುವ ತನಕ ಬಿಡಬಾರದು. "ಗಂಟಕ್ಕ, ನಿಮಗೆ ಆಪರೇಶನ್ ಆಗಲೇಬೇಕು. ಅಲ್ಲಿವರೆಗೆ ಇದೊಂದು ಆಸರೆ."

ಮರುವಾರದಿಂದ ಗುಂಪು ಮಹಡಿ ಬಿಟ್ಟು ಕೆಳಗಿನ ಕಾಯುವ ಕೋಣೆಗೆ ಬಂದು ಮತ್ತೆ ಸಾಲಾಗಿ ನಿಂತಿತು. ಶೌಚಾಲಯ ಅಲ್ಲಿಂದ ಎಂಟು ಹೆಜ್ಜೆ. ನಡುವೆ ಹತ್ತು ನಿಮಿಷ ಬಿಡುವು. ಮೇಷ್ಟ್ರಿಗೆ ನರ್ಸಮ್ಮ ಏನು ಹೇಳಿದರೋ, ಅವರು ಮರುಮಾತಾಡದೆ ಪ್ರತಿ ಸಾಲಿನ ಮೊದಲು ಸೈರನ್ ಕಲಿಸಿಕೊಟ್ಟ ಮಾತನ್ನೇ ಕೂಗತೊಡಗಿದರು: "ಬಾಗಿಲು ಹಾಕಿ! ಹೂಂ, ಹಾಡಿ!" ಔಷಧಿಗೆ ಬಂದು ಕೂತವರು ಎದ್ದು ಬಾಗಿಲು ಹಾಕಲು ಹೋಗುವರು.

ಗಂಟಕ್ಕನ ಸ್ವರ ಹೊರಗೆ ಬಂತು. ಚೆಂದವಿತ್ತು ಅಂದರೆ ಸುಳ್ಳಾದೀತು. ಗಡಸು ಗಂಟಲು, ನಡುನಡುವೆ ಒಡೆಯುವುದು. ಮೇಷ್ಟ್ರು ಮೊದಲ ಸಲ ಕೇಳಿದಾಗ ಅವರ ಮುಖ ಪೆಚ್ಚಾಯಿತು. ಇಷ್ಟು ದಿನ ತಾನು ಹೊಗಳಿದ್ದು ಯಾವುದನ್ನು ಎಂದು ಯೋಚಿಸಿರಬೇಕು. ಆದರೂ ಅವಳನ್ನು ಮುಂದಿನ ಸಾಲಿನಿಂದ ತೆಗೆಯಲಿಲ್ಲ, ಒಳ್ಳೆಯ ಮನುಷ್ಯ.

ಮನೆಯಲ್ಲೂ ಅವಳು ಹೇಳಿಬಿಟ್ಟಳು. "ಹದಿನೆಂಟು ಅಂದಿದ್ದು ಸುಳ್ಳು ಕಣೇ. ಹನ್ನೆರಡು. ಇವತ್ತು ಹದಿನಾಲ್ಕು." ಮಗಳು ಬೈಯಲಿಲ್ಲ. ಯಾಕೆ ಸುಳ್ಳು ಹೇಳಿದೆ ಎಂದಷ್ಟೇ ಕೇಳಿದಳು. ಉತ್ತರವನ್ನು ತಲೆತಗ್ಗಿಸಿ ಕೇಳಿಸಿಕೊಂಡು ಒಳಗೆ ಹೋದಳು. ಅಂದಿನಿಂದ ಗಂಟಕ್ಕ ಪಾತ್ರೆ ತೊಳೆಯುತ್ತಾ ಎಣಿಸಿದಳು, ಬಟ್ಟೆ ಹರವುತ್ತಾ ಎಣಿಸಿದಳು. ಮೊಮ್ಮಕ್ಕಳು ಜೊತೆಗೂಡಿ ಎಣಿಸಿದವು. ಹದಿನೇಳು. ಇಪ್ಪತ್ತು. ಹನ್ನೆರಡನೆಯ ವಾರಕ್ಕೆ ಇಪ್ಪತ್ತಮೂರು. ಅಲ್ಲಿ ನಿಂತುಬಿಟ್ಟಿತು. ಎಷ್ಟು ತಿಣುಕಿದರೂ ಇಪ್ಪತ್ತನಾಲ್ಕು ಬರಲಿಲ್ಲ.

ಪರೀಕ್ಷೆಯ ದಿನ ಮಗಳು ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಳು. ಡಾಕ್ಟರಮ್ಮನ ಕೋಣೆಯ ಹೊರಗೆ ಉದ್ದನೆಯ ಬೆಂಚಿನಲ್ಲಿ ಇಪ್ಪತ್ತು ಜನ ಕಾಯುತ್ತಿದ್ದರು. ಬಾಗಿಲಿಗೆ ಪರದೆ ಮಾತ್ರ ಇತ್ತು. ಡಾಕ್ಟರಮ್ಮ ಔಷಧಿಯ ವಿಚಾರ ಕೇಳಿದರು, ಎದೆ ಆಲಿಸಿದರು, ಹುಬ್ಬೇರಿಸಿದರು. "ಪರವಾಗಿಲ್ವೇ. ಎಲ್ಲಿ, ಎಣಿಸಿ. ನಂಗೆ ಕೇಳಬೇಕು."

ಗಂಟಕ್ಕ ಮನಸ್ಸಿನಲ್ಲೇ ಬಾಗಿಲು ಹಾಕಿಕೊಂಡು ಶುರು ಮಾಡಿದಳು. ಹತ್ತು ದಾಟಿತು, ಹದಿನೈದು ದಾಟಿತು. ಹತ್ತೊಂಬತ್ತಕ್ಕೆ ಎದೆಯೊಳಗೆ ಕೆರೆಯತೊಡಗಿತು. ಇಪ್ಪತ್ತೊಂದಕ್ಕೆ ಕೆಮ್ಮು ಗಂಟಲ ಬುಡಕ್ಕೆ ಬಂದು ನಿಂತಿತು. ಇಪ್ಪತ್ತೆರಡಕ್ಕೆ, ಎಷ್ಟು ಬಿಗಿಹಿಡಿದರೂ, ಕೆಳಗೆ ಬೆಚ್ಚಗಾಯಿತು. ಹೀಗಾದಾಗಲೆಲ್ಲ ಗಂಟಲು ತನಗೆ ತಾನೇ ಮುಚ್ಚಿಕೊಳ್ಳುವುದು ಮೂರು ವರ್ಷದ ಅಭ್ಯಾಸ. ಮನೆಯಲ್ಲಿ ಇಪ್ಪತ್ತಮೂರಕ್ಕೆ ನಿಲ್ಲಿಸುತ್ತಿದ್ದದ್ದು ಉಸಿರಲ್ಲ, ಇದೇ ಎಂದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಿತು. ಎದೆಯಲ್ಲಿ ಗಾಳಿ ಇನ್ನೂ ಇತ್ತು. ಹೋದರೆ ಹೋಗಲಿ ಅಂದುಕೊಂಡಳು. ಇಪ್ಪತ್ತಮೂರು. ಇಪ್ಪತ್ತನಾಲ್ಕು. ಇಪ್ಪತ್ತೈದು. ಡಾಕ್ಟರಮ್ಮ ಸಾಕೆಂದು ಕೈ ಎತ್ತಿದರೂ ಬಿಡದೆ ಇಪ್ಪತ್ತಾರನ್ನೂ ಹೇಳಿ, ಮೇಜು ಹಿಡಿದುಕೊಂಡು ಏದುಸಿರು ಬಿಟ್ಟಳು.

ಮಗಳು ಓಡಿಬಂದು ಬೆನ್ನು ಸವರಿದಳು. ಡಾಕ್ಟರಮ್ಮ ನೀರು ಮುಂದಿಟ್ಟು, "ಅಮ್ಮ, ಹುಷಾರಾಗಿದೀರಾ? ಏನಾದ್ರೂ ತೊಂದರೆ ಆಗ್ತಿದೆಯಾ?" ಎಂದು ಕೇಳಿದರು.

"ಏನಿಲ್ಲ, ಒದ್ದೆ ಆಯ್ತು," ಎಂದಳು ಗಂಟಕ್ಕ. ಅರೆಗಿವುಡರಿಗೆ ತಮ್ಮ ದನಿ ಎಷ್ಟು ಜೋರೆಂದು ತಿಳಿಯುವುದಿಲ್ಲ, ಮೇಲಾಗಿ ಅವಳ ಎದೆಯಲ್ಲಿ ಮೂರು ತಿಂಗಳ ಹಾಡಿನ ಬಲವಿತ್ತು. "ಎಣಿಸೋವಾಗ ಒದ್ದೆ ಆಯ್ತು. ಅದಕ್ಕೇ ತಾನೇ ನಾನು ಬಂದಿರೋದು? ಇಪ್ಪತ್ತಾರು ಹೇಳಿದೀನಿ. ತಾರೀಖು ಕೊಡಿ ಈಗ!"

ಪರದೆಯಾಚೆ ಬೆಂಚಿನ ತಲೆಗಳೆಲ್ಲ ಇತ್ತ ತಿರುಗಿದವು. ಡಾಕ್ಟರಮ್ಮ ನಕ್ಕುಬಿಟ್ಟರು. ನಗುತ್ತಲೇ ಪುಸ್ತಕ ತೆರೆದು ಬರೆದರು. ಮುಂದಿನ ತಿಂಗಳು ಎಂಟು, ಬೆಳಗ್ಗೆ ಏಳು ಗಂಟೆಗೆ ಬರಬೇಕು, ಖಾಲಿ ಹೊಟ್ಟೆಯಲ್ಲಿ. ಗಂಟಕ್ಕ ಆ ಚೀಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಕ್ಷರಗಳು ಕಣ್ಣೀರಿನಲ್ಲಿ ಕಲಸಿಹೋದವು, ಆದರೂ ಎಂಟು ಅನ್ನುವುದು ಕಾಣುತ್ತಿತ್ತು. ಇನ್ನೊಂದು ತಿಂಗಳು. ಒಂದೇ ತಿಂಗಳು.

ಶೌಚಾಲಯಕ್ಕೆ ಹೋಗಿ ಬಟ್ಟೆ ಬದಲಿಸಿಕೊಂಡು ಅವಳು ಹೊರಗೆ ಬಂದಾಗ ಮಗಳು ಮೊಗಸಾಲೆಯ ಕಿಟಕಿಯ ಪಕ್ಕ ನಿಂತಿದ್ದಳು. ಗುಂಪಿನಲ್ಲಿ ಮಾನ ಕಳೆದೆ ಎಂದು ಬೈಯುತ್ತಾಳೇನೋ ಅಂದುಕೊಂಡು ಗಂಟಕ್ಕ ಉತ್ತರ ಸಿದ್ಧಪಡಿಸಿಕೊಂಡೇ ಹತ್ತಿರ ಹೋದಳು. ಮಗಳು ಬೈಯಲಿಲ್ಲ. ಅಮ್ಮನ ಕಡೆ ತಿರುಗಿ ಏನೋ ಹೇಳಿದಳು. ದನಿ ಎಷ್ಟು ಸಣ್ಣದಿತ್ತೆಂದರೆ ಒಳ್ಳೆಯ ಕಿವಿಗೂ ಕೇಳುತ್ತಿರಲಿಲ್ಲ; ಗಂಟಕ್ಕ ಅದನ್ನು ಮಗಳ ತುಟಿಯ ಮೇಲೆ ಓದಬೇಕಾಯಿತು.

"ನಂಗೂ ಆಗುತ್ತಮ್ಮ. ಚಿಕ್ಕದು ಹುಟ್ಟಿದಾಗಿಂದ."

ಚಿಕ್ಕದಕ್ಕೆ ಈಗ ನಾಲ್ಕು ವರ್ಷ. ಮಗಳು ಅವತ್ತು ಅಷ್ಟು ನಸುಕಿಗೆ ಬಚ್ಚಲಿಗೆ ಯಾಕೆ ಬಂದಿದ್ದಳು ಎಂದು ಗಂಟಕ್ಕನಿಗೆ ಈಗ ಅರ್ಥವಾಯಿತು. ಒಂದೇ ಮನೆಯಲ್ಲಿ, ಒಂದೇ ಬಚ್ಚಲಿನಲ್ಲಿ, ತಾಯಿ ಮಗಳು ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಬಟ್ಟೆ ಒಗೆದಿದ್ದರು. ತನ್ನಿಂದಲೇ ಕಲಿತಳಲ್ಲ ಮಗು, ಮುಚ್ಚಿಡುವುದನ್ನು, ಎಂದು ಗಂಟಕ್ಕ ಮರುಗಿದಳು. ಅದರ ಬೆನ್ನಿಗೇ, ಹೇಳಿದಳಲ್ಲ, ಮೂವತ್ತನಾಲ್ಕಕ್ಕೇ ಹೇಳಿದಳಲ್ಲ ಎಂದು ಸಮಾಧಾನವೂ ಆಯಿತು. ಮಗಳ ಕೆನ್ನೆ ಹಿಡಿದುಕೊಂಡಳು.

"ನಿಂಗೆ ಆಪರೇಶನ್ನೂ ಬೇಡ, ಏನೂ ಬೇಡ. ಬೇಗ ಹೇಳಿದೀಯ. ಇದು ಸರಿಹೋಗುತ್ತೆ. ನಾನು ಕಲಿಸ್ತೀನಿ, ನರ್ಸಮ್ಮ ಕಲಿಸ್ತಾರೆ. ಮೊದಲು ಡಾಕ್ಟರು ನೋಡ್ಲಿ."

"ಇವತ್ತೇನಾ? ಆಫೀಸಿಗೆ ಹೋಗಬೇಕಮ್ಮ."

"ಇವತ್ತೇ."

ಹೆಸರು ಬರೆಸುವ ಕಿಟಕಿಯ ಮುಂದೆ ಸಾಲಿತ್ತು. ಇಬ್ಬರೂ ನಿಂತರು. ಸರದಿ ಬಂದಾಗ ಗುಮಾಸ್ತ ತಲೆಯೆತ್ತದೆ, "ಏನು ತೊಂದರೆ?" ಎಂದು ಕೇಳಿದ. ಗಂಟಕ್ಕ ಬಾಯಿ ತೆರೆದಳು. ಮಗಳು ಅವಳ ಕೈಯನ್ನು ಮೆಲ್ಲಗೆ ಒತ್ತಿ ಸುಮ್ಮನಿರಿಸಿ, ಕಿಟಕಿಗೆ ಬಗ್ಗಿ, ತನ್ನ ಹೆಸರು ಬರೆಸಿ, ತೊಂದರೆ ಏನೆಂದು ತಾನೇ ಬಾಯಿಬಿಟ್ಟು ಹೇಳಿದಳು.